ಸೂರಿನಡಿ ಒಂದು ದುಂಡು ಕಡಲು

ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಕಿಂಗ್ಸ್ ಬಿಲ್ಡಿಂಗ್ಸ್ ಆವರಣದಲ್ಲಿ ಬಿರುಗಾಳಿಯ ಕಡಲನ್ನು ಬೇಕೆಂದಾಗ ಎಬ್ಬಿಸಬಹುದು. ಸಾಕೆನಿಸಿದರೆ ನಿಲ್ಲಿಸಲೂಬಹುದು. ಈ ತಾಣದ ಹೆಸರು ಫ್ಲೋವೇವ್. 25 ಮೀಟರ್ ಅಡ್ಡಗಲದ ದುಂಡನೆಯ ಕೊಳ, 2 ಮೀಟರ್ ಆಳ, ಸುಮಾರು 24 ಲಕ್ಷ ಲೀಟರ್ ನೀರು. ಅಲೆ ಮತ್ತು ಸಮುದ್ರದ ಸೆಳೆತದಿಂದ ವಿದ್ಯುತ್ ತೆಗೆಯುವ ಯಂತ್ರಗಳ ಪುಟ್ಟ ಮಾದರಿಗಳನ್ನು ಇಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ.

ಅಂಚಿನುದ್ದಕ್ಕೂ 168 ಹಲಗೆಗಳು ಒತ್ತಾಗಿ ನಿಂತಿವೆ. ಕಂಪ್ಯೂಟರಿನ ಆಣತಿಯಂತೆ ಇವು ಹಿಂದೆ ಮುಂದೆ ತೂಗಿದಾಗ ಅಲೆ ಏಳುತ್ತದೆ. ಎದುರು ದಂಡೆಯ ಹಲಗೆಗಳ ಕೆಲಸ ಬಂದ ಅಲೆಯನ್ನು ಹೀರಿಕೊಳ್ಳುವುದು. ಇಲ್ಲದಿದ್ದರೆ ಅದು ಬಡಿದು ಮರಳಿ ಲೆಕ್ಕವನ್ನೆಲ್ಲ ಕೆಡಿಸೀತು. ಅಲೆಯನ್ನು ಯಾವ ದಿಕ್ಕಿನಿಂದಾದರೂ ಎಬ್ಬಿಸಬಹುದು, ಸೆಳೆತವನ್ನೂ ಯಾವ ದಿಕ್ಕಿಗಾದರೂ ಹರಿಸಬಹುದು. ದುಂಡಾಗಿರುವುದರ ಲಾಭವೇ ಇದು: ನಿಜವಾದ ಕಡಲಿನಲ್ಲಿ ಅಲೆಗಳು ಒಂದೇ ಕಡೆಯಿಂದ ಬರುವುದಿಲ್ಲವಲ್ಲ!

ಇದರ ಬೇರು ಹಳೆಯದು. 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಇಲ್ಲಿನ ಎಂಜಿನಿಯರ್ ಸ್ಟೀಫನ್ ಸಾಲ್ಟರ್ ಅಲೆಗೆ ತಲೆದೂಗುತ್ತ ವಿದ್ಯುತ್ ಕೊಡುವ ‘ಬಾತುಕೋಳಿ’ ಯಂತ್ರವನ್ನು ರೂಪಿಸಿದರು. ಮುಂದಿನ ದಶಕದಲ್ಲಿ ಬ್ರಿಟಿಷ್ ಸರ್ಕಾರ ಹಣ ನಿಲ್ಲಿಸಿತು. ಪೂರ್ಣ ಗಾತ್ರದ ಬಾತು ಕಡಲಿಗೆ ಇಳಿಯಲೇ ಇಲ್ಲ. ಅದನ್ನು ಪರೀಕ್ಷಿಸಲು ಕಟ್ಟಿದ ತೊಟ್ಟಿಗಳ ವಿದ್ಯೆ ಮಾತ್ರ ಉಳಿದು ಬೆಳೆಯಿತು. 2014ರಲ್ಲಿ ಈ ಕೊಳ ಬಾಗಿಲು ತೆರೆಯಿತು.

ನನಗೆ ಬೆರಗು ತಂದದ್ದು ಇಲ್ಲಿಯ ಗಣಿತ. ಯಂತ್ರವನ್ನು 20ರಲ್ಲೊಂದು ಪಾಲಿಗೆ ಇಳಿಸಿದರೆ ಕಾಲವೂ ಕುಗ್ಗುತ್ತದೆ: ಮೂರು ಗಂಟೆಯ ಬಿರುಗಾಳಿ 40 ನಿಮಿಷದಲ್ಲಿ ಮುಗಿಯುತ್ತದೆ. ಶಕ್ತಿಯಂತೂ ಸುಮಾರು 36,000 ಪಟ್ಟು ಇಳಿಯುತ್ತದೆ. ಕಡಲಲ್ಲಿ ಒಂದು ಮೆಗಾವಾಟ್ ಕೊಡಬೇಕಾದ ಯಂತ್ರದಿಂದ ಇಲ್ಲಿ ಬರುವುದು 28 ವಾಟ್. ಹಳೆಯ ಟ್ಯೂಬ್‌ಲೈಟ್ ಬೆಳಗಲೂ ಸಾಲದು. ಬೇರಿಂಗಿನ ತುಸು ಘರ್ಷಣೆಯೇ ಫಲಿತಾಂಶವನ್ನು ನುಂಗಿಬಿಡಬಹುದು.

1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಎಂಬ ಅನಿಲ ವೇದಿಕೆಗೆ 25.6 ಮೀಟರ್ ಎತ್ತರದ ರಕ್ಕಸ ಅಲೆ ಅಪ್ಪಳಿಸಿತ್ತು. ಆಕ್ಸ್‌ಫರ್ಡ್ ಮತ್ತು ಎಡಿನ್‌ಬರೋ ಸಂಶೋಧಕರು ಅದನ್ನೇ ಸಣ್ಣದಾಗಿ ಈ ಕೊಳದಲ್ಲಿ ಮರುಸೃಷ್ಟಿಸಿದರು. ಸುಮಾರು 120 ಡಿಗ್ರಿ ಕೋನದಲ್ಲಿ ಎರಡು ಅಲೆಗುಂಪುಗಳು ಎದುರಾದಾಗಲೇ ಆ ಎತ್ತರ ಸಾಧ್ಯವಾಯಿತೆಂದು 2019ರಲ್ಲಿ ಪ್ರಕಟಿಸಿದರು. ಯಂತ್ರ ಕಟ್ಟುವವರಿಗೆ ಇಂಥ ಅಲೆಯ ಅರಿವು ಜೀವದಷ್ಟೇ ಮುಖ್ಯ.

ಆದರೆ ಉಪ್ಪುನೀರಿನ ತುಕ್ಕು, ಕಬ್ಬಿಣಕ್ಕೆ ಮೆತ್ತಿಕೊಳ್ಳುವ ಚಿಪ್ಪುಜೀವಿಗಳು, ವರ್ಷಗಟ್ಟಲೆ ಹೊಡೆತ ತಿಂದ ಲೋಹದ ದಣಿವು ಈ ಕೊಳದಲ್ಲಿ ಕಾಣಸಿಗುವುದಿಲ್ಲ. ಅದಕ್ಕೆ ಉತ್ತರದ ಓರ್ಕ್ನಿ ದ್ವೀಪಗಳಿಗೇ ಹೋಗಬೇಕು. 2003ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಸಾಗರ ಇಂಧನ ಕೇಂದ್ರ ಅಲ್ಲಿ ಯಂತ್ರಗಳನ್ನು ನಿಜವಾದ ಕಡಲಿಗೇ ಇಳಿಸುತ್ತದೆ.