ಎಲೆಯಿಂದ ಎಳೆಗೆ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಜಾಲರಿಗಳಲ್ಲಿ ಎರಡು ಬಣ್ಣದ ರಾಶಿಗಳು ಕಾಣುತ್ತವೆ. ಬಿಳಿಯದು ದ್ವಿತಳಿ ಗೂಡು. ಹಳದಿಯದು ಶುದ್ಧ ಮೈಸೂರು ತಳಿಯ ಹೆಣ್ಣಿಗೂ ದ್ವಿತಳಿಯ ಗಂಡಿಗೂ ಹುಟ್ಟಿದ ಮಿಶ್ರತಳಿಯ ಗೂಡು. ಕೊಳ್ಳಲು ಬಂದ, ಗೂಡು ಬಿಚ್ಚಿ ನೂಲು ತೆಗೆಯುವ ರೀಲರುಗಳು ಒಂದೆರಡು ಗೂಡು ಎತ್ತಿ ಬೆರಳಲ್ಲಿ ಒತ್ತುತ್ತಾರೆ, ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗೆ ಹುಳು ಮಾರ್ಪಟ್ಟು ಆದ ಕೋಶ ಸತ್ತು ಕೊಳೆತಿದ್ದರೆ ಗೂಡಿಗೆ ಕಲೆ ಹತ್ತುತ್ತದೆ, ಬಿಚ್ಚುವಾಗ ಎಳೆ ಮತ್ತೆ ಮತ್ತೆ ಹರಿಯುತ್ತದೆ. ಎಳೆ ಹರಿಯದಂತೆ ಕಾಯುವುದೇ ಈ ಕಸುಬಿನ ಜೀವಾಳ.

ಆ ಕಾವಲು ಮೊಟ್ಟೆಯಿಂದಲೇ ಶುರು. ಬಿತ್ತನೆ ಕೋಠಿಯಲ್ಲಿ ಹೆಣ್ಣು ಚಿಟ್ಟೆಯೊಂದು 400–500 ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶ ಮಾಡುತ್ತಾರೆ. ತಾಯಿಯಿಂದ ಮರಿಗೆ ದಾಟುವ ಈ ರೋಗ 19ನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿತ್ತು. 1865ರಲ್ಲಿ ಇದರ ಅಧ್ಯಯನಕ್ಕಿಳಿದ ಲೂಯಿ ಪಾಶ್ಚರ್, ತಾಯಿ ಚಿಟ್ಟೆಯನ್ನೇ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದರು.

ಮೊಟ್ಟೆಯೊಡೆದ ಮರಿ ಕಪ್ಪಗೆ, ಸುಮಾರು ಮೂರು ಮಿಲಿಮೀಟರ್ ಉದ್ದ ಇರುತ್ತದೆ. ಮೊದಲೆರಡು ಹಂತ ಚಾಕಿ. ಹಿಪ್ಪುನೇರಳೆಯ ಎಳೆಯ ಸೊಪ್ಪನ್ನು ಸಣ್ಣಗೆ ಕೊಚ್ಚಿ ಹಾಕಬೇಕು. ನಡುನಡುವೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಬಿಗಿಯಾದ ಹಳೆಯ ಚರ್ಮ ಕಳಚುವ ಈ ಹೊತ್ತಿಗೆ ರೈತರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ, ಐದು ಹಂತ, 25 ದಿನಗಳ ಆಸುಪಾಸು: ಅಷ್ಟರಲ್ಲಿ ಹುಳುವಿನ ತೂಕ ಸುಮಾರು 10,000 ಪಟ್ಟಾಗಿರುತ್ತದೆ. ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಕೊನೆಯ ಹಂತದ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಆಗ ಮನೆಮಂದಿಗೆಲ್ಲ ಸೊಪ್ಪು ಕಡಿದು ತರುವುದೇ ಕೆಲಸ.

ಹಣ್ಣಾದ ಹುಳುವಿನ ಮೈ ಬೆಳಕು ಹಾಯುವಷ್ಟು ತಿಳಿಯಾಗುತ್ತದೆ. ಅದನ್ನು ಆರಿಸಿ, ಗೂಡು ಕಟ್ಟಲು ಚಂದ್ರಂಕಿ ಎಂಬ ತಟ್ಟೆಗೆ ಬಿಡುತ್ತಾರೆ. ಮೈಯೊಳಗಿನ ಜೋಡಿ ಗ್ರಂಥಿಗಳಿಂದ ಹೊರಡುವ ದ್ರವ ಬಾಯಿಯ ಕೆಳಗಿನ ರಂಧ್ರದಿಂದ ಈಚೆ ಬರುತ್ತಲೇ ಎಳೆಯಾಗಿ ಗಟ್ಟಿಯಾಗುತ್ತದೆ. ಒಳಗೆ ಫೈಬ್ರೊಯಿನ್ನಿನ ಎರಡು ಎಳೆ, ಅವನ್ನು ಬೆಸೆಯುವ ಅಂಟು ಸೆರಿಸಿನ್. ತಲೆಯನ್ನು 8ರ ಆಕಾರದಲ್ಲಿ ತೂಗುತ್ತ, ಎರಡು ಮೂರು ದಿನ ಬಿಡದೆ ಹುಳು ಗೂಡು ಕಟ್ಟುತ್ತದೆ. ಒಳ್ಳೆಯ ದ್ವಿತಳಿ ಗೂಡಿನ ಎಳೆ ಒಂದು ಕಿಲೋಮೀಟರ್ ಮೀರುವುದುಂಟು. ಈ ದಿನಗಳಲ್ಲಿ ಗಾಳಿಯಾಡದೆ ತೇವ ಹೆಚ್ಚಿದರೆ ಅಂಟು ಬಿಗಿಯಾಗಿ ಹಿಡಿದು, ಮುಂದೆ ಬಿಚ್ಚಾಣಿಕೆಯಲ್ಲಿ ಎಳೆ ಹರಿಯುತ್ತದೆ.

ಗೂಡನ್ನು ಹಾಗೇ ಬಿಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಅಂಟನ್ನು ಕರಗಿಸಿ ಹೊರಬರುತ್ತದೆ, ಎಳೆ ಚೂರಾಗುತ್ತದೆ. ಆದ್ದರಿಂದ ಹಬೆ ಅಥವಾ ಬಿಸಿಗಾಳಿಯಲ್ಲಿ ಕೋಶವನ್ನು ಮೊದಲೇ ಕೊಲ್ಲುತ್ತಾರೆ. ರೇಷ್ಮೆಯ ಬೆಲೆಯಲ್ಲಿ ಈ ಜೀವವೂ ಸೇರಿದೆ.

ಆಮೇಲೆ ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಸೆರಿಸಿನ್ ಮೆತ್ತಗಾಗುತ್ತದೆ. ಎಳೆಯ ತುದಿ ಹುಡುಕಿ, ಎಂಟು ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಒಂದು ಗೂಡು ಮುಗಿದಂತೆ ಇನ್ನೊಂದರ ಎಳೆ ಸೇರಿಸುತ್ತ ಹೋಗುವುದು ಕೈಚಳಕದ ಕೆಲಸ. ಉಳಿದ ಕೋಶ ಮೀನು, ಕೋಳಿಗಳ ಆಹಾರಕ್ಕೆ ಹೋಗುತ್ತದೆ. ಬಿತ್ತನೆ ಕೋಠಿಯ ತೂತು ಗೂಡುಗಳೂ ವ್ಯರ್ಥವಲ್ಲ. ಅವನ್ನು ಹತ್ತಿಯ ಹಾಗೆ ಹಿಂಜಿ ನೂತು ಸ್ಪನ್ ರೇಷ್ಮೆ ಮಾಡುತ್ತಾರೆ.