ತೌಡಿನಲ್ಲಿ ಸೆರೆಯಾಗಿರುವ ರಂಜಕ

ತೌಡನ್ನು ತಿಂದ ಹಸುವು ಪುಷ್ಟವಾಗುವುದು. ಅದೇ ತೌಡನ್ನೇ ನಚ್ಚಿ ಸಾಕಿದ ಕೋಳಿಮರಿಗಳಾದರೋ ಕಾಲಿನ ಬಲಗುಂದಿ ಕುಕ್ಕರಿಸುವುದುಂಟು. ತೌಡಿನಲ್ಲಿ ಎಲುಬಿಗೆ ಬೇಕಾದ ರಂಜಕವು ಯಥೇಚ್ಛವಾಗಿದ್ದರೂ ಅದರ ಬಹುಭಾಗವು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿರುವುದೇ ಇದಕ್ಕೆ ಒಂದು ಮುಖ್ಯ ಕಾರಣವು. ಈ ಬಂಧನವನ್ನು ಬಿಡಿಸತಕ್ಕ ಕಿಣ್ವಕ್ಕೆ ಫೈಟೇಸ್ ಎಂದು ಹೆಸರು. ಹಸುವಿನ ದೊಡ್ಡಹೊಟ್ಟೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಇದನ್ನು ತಾವೇ ಉತ್ಪತ್ತಿಮಾಡುವುವು. ಕೋಳಿಗೆ ಆ ಭಾಗ್ಯವು ಅತ್ಯಲ್ಪ. ಜೀರ್ಣವಾಗದ ರಂಜಕವು ಹಿಕ್ಕೆಯೊಡನೆ ಹೊರಬಿದ್ದು, ಮಳೆನೀರಿನಲ್ಲಿ ಹರಿದು ಕೆರೆಯನ್ನು ಸೇರಿ ಪಾಚಿಯನ್ನು ಬೆಳೆಸುವುದು. ಹಣ ಕೊಟ್ಟು ಕೊಂಡ ಪದಾರ್ಥವು ಹೀಗೆ ಕೆರೆಯ ಪಾಲಾಗುವುದು!

ಫೈಟೇಸನ್ನು 1907ರಲ್ಲಿ ಜಪಾನಿನ ವಿಜ್ಞಾನಿಗಳು ಅಕ್ಕಿಯ ತೌಡಿನಲ್ಲಿಯೇ ಕಂಡರು. 1991ರಲ್ಲಿ ಬೂಷ್ಟಿನಿಂದ ತಯಾರಿಸಿದ್ದು ಮಾರಾಟಕ್ಕೆ ಬಂದಿತು. ಈಗ ಈ. ಕೋಲೈ ಎಂಬ ಬ್ಯಾಕ್ಟೀರಿಯದ ಕಿಣ್ವವೂ ದೊರೆಯುವುದು. ಜಠರದ ಆಮ್ಲದಲ್ಲಿ ಅದು ಚೆನ್ನಾಗಿ ಕೆಲಸಮಾಡುವುದು. ಆಹಾರವನ್ನು ಬೇಯಿಸಿದ್ದರೆ, ಪೂರಾ ತಣಿದ ಮೇಲೆಯೇ ಇದನ್ನು ಬೆರೆಸತಕ್ಕದ್ದು. ಬಿಸಿಗೆ ಕಿಣ್ವವು ಕೆಡುವುದು. ಇದನ್ನು ಬಳಸುವವರು ಹೊರಗಿನಿಂದ ಕೊಂಡು ಹಾಕುವ ರಂಜಕವನ್ನು ಕಡಮೆಮಾಡಬಹುದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶವನ್ನು ಮಾತ್ರ ನಿಲ್ಲಿಸಕೂಡದು.

ರಾಗಿಯಲ್ಲಿಯೂ ಫೈಟೇಟ್ ಉಂಟು. ಅದು ಕಬ್ಬಿಣದ ಅಂಶವನ್ನು ಹಿಡಿದಿಡುವುದು. ರಾಗಿಯನ್ನು ನೆನೆಯಿಸಿ ಮೊಳಕೆ ಕಟ್ಟುವ ನಮ್ಮ ಮನೆಯ ಹೆಂಗಸರು ಕಾಳಿನೊಳಗಿನ ಇಂಥ ಕಿಣ್ವವನ್ನೇ ಎಚ್ಚರಿಸುತ್ತಾರೆ.