ನಿಮಗಿದು ಗೊತ್ತೇ? ಟೀಮಿನ ಕ್ಯಾಲೆಂಡರಿಗೆ ಎಐ ಕೈ ಹಾಕಿದರೆ...

ಮೀಟಿಂಗ್ ಹೊಂದಿಸುವ ತಲೆನೋವನ್ನು ಯಂತ್ರದ ಹೆಗಲಿಗೆ ದಾಟಿಸುವ ಆಸೆ ಇಂದು ನಿನ್ನೆಯದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಸಂಗಡಿಗರು ‘ಕ್ಯಾಲೆಂಡರ್ ಅಪ್ರೆಂಟಿಸ್’ ಎಂಬ ಪ್ರೋಗ್ರಾಂ ಕಟ್ಟಿ, ಅದರ ಅನುಭವವನ್ನು 1994ರಲ್ಲೇ ಪ್ರಕಟಿಸಿದ್ದರು. ಇಂಥವರ ಜೊತೆ ಮೀಟಿಂಗ್ ಎಂದರೆ ಎಷ್ಟು ಹೊತ್ತು, ಯಾವ ಜಾಗ ಎಂಬುದನ್ನು ಅದು ಹಳೆಯ ನಮೂದುಗಳಿಂದ ಕಲಿತು ಊಹಿಸುತ್ತಿತ್ತು.

2014ರಲ್ಲಿ ನ್ಯೂಯಾರ್ಕಿನಲ್ಲಿ ‘ಎಕ್ಸ್.ಎಐ’ ಎಂಬ ಕಂಪನಿ ಹುಟ್ಟಿತು. ಇಮೇಲಿಗೆ ಅದರ ‘ಆಮಿ ಇಂಗ್ರಾಮ್’ ಎಂಬಾಕೆಯನ್ನೂ ಸೇರಿಸಿದರೆ ಸಾಕು, ಎದುರಿನವರ ಜೊತೆ ಮಾತಾಡಿ ಸಮಯ ಗೊತ್ತುಮಾಡುತ್ತಿದ್ದಳು. ಆಮಿ ಸಾಫ್ಟ್‌ವೇರ್. ಆದರೆ ಆಕೆಯ ಬೆನ್ನ ಹಿಂದೆ ಕೂತು ಇಮೇಲು ಓದಿ ತಿದ್ದುತ್ತಿದ್ದವರು ಸಂಬಳದ ಮನುಷ್ಯರೇ! ಸೇವೆ 2021ರಲ್ಲಿ ನಿಂತಿತು. ಆ ವೆಬ್ ವಿಳಾಸ ಈಗ ಇಲಾನ್ ಮಸ್ಕ್ ಅವರ ಎಐ ಕಂಪನಿಯದು.

ಎಐಗೆ ಕ್ಯಾಲೆಂಡರ್ ಜೋಡಿಸಲು ಪಾಸ್‌ವರ್ಡ್ ಕೊಡಬೇಕಿಲ್ಲ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. 2012ರಲ್ಲಿ ರೂಪುಗೊಂಡ ‘ಓಆತ್ 2.0’ ಪದ್ಧತಿಯಲ್ಲಿ ಲಾಗಿನ್ ಆಗುವುದು ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಪುಟದಲ್ಲೇ. ಎಐ ಸಹಾಯಕನ ಕೈಗೆ ಸಿಗುವುದು ‘ಟೋಕನ್’ ಎಂಬ ಅನುಮತಿ ಚೀಟಿ ಮಾತ್ರ. ಗೂಗಲ್‌ನಲ್ಲಿ ಅದರ ಆಯಸ್ಸು ಸಾಮಾನ್ಯವಾಗಿ ಒಂದು ಗಂಟೆ. ಮುಗಿದಾಗ ಹೊಸದನ್ನು ಪಡೆಯಲು ಬೇರೊಂದು ಟೋಕನ್ ಇರುತ್ತದೆ. ಆಫೀಸಿನ ಹುಡುಗರು ತಾವೇ ಬರೆದ ಸಹಾಯಕ ಸರಿಯಾಗಿ ಒಂದು ವಾರ ಓಡಿ ನಿಂತುಬಿಟ್ಟರೆ ಗಾಬರಿ ಬೇಡ. ಗೂಗಲ್‌ನಲ್ಲಿ ಆ್ಯಪ್ ಇನ್ನೂ ‘ಟೆಸ್ಟಿಂಗ್’ ಹಂತದಲ್ಲಿದ್ದರೆ ಆ ಎರಡನೇ ಟೋಕನ್ 7 ದಿನಕ್ಕೆ ಸಾಯುತ್ತದೆ.

ಚಾಟ್ ಮಾಡುವ ಎಐ ತಾನೇ ಹೋಗಿ ನಿಮ್ಮ ಕ್ಯಾಲೆಂಡರ್ ತೆರೆಯುವುದಿಲ್ಲ. ‘ಈ ತಾರೀಖಿನ ಮೀಟಿಂಗ್ ಪಟ್ಟಿ ಬೇಕು’ ಎಂದು ಚೀಟಿ ಬರೆದು ಕೊಡುತ್ತದೆ, ಅಷ್ಟೆ. ಹೋಗಿ ತರುವುದು ನಡುವಿನ ಕನೆಕ್ಟರ್. ಮೊದಲು ಒಂದೊಂದು ಎಐಗೂ ಒಂದೊಂದು ಆ್ಯಪಿಗೂ ಬೇರೆ ಬೇರೆ ಕನೆಕ್ಟರ್ ಬರೆಯಬೇಕಿತ್ತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಈ ರಗಳೆ ತಪ್ಪಿಸಲು ‘ಎಂಸಿಪಿ’ ಎಂಬ ಮುಕ್ತ ಮಾನದಂಡ ಹೊರತಂದಿತು. ಓಪನ್‌ಎಐ, ಗೂಗಲ್ ಕೂಡ ಅದನ್ನೇ ಒಪ್ಪಿಕೊಂಡವು.

ಇವತ್ತು ಯಾವ ದಿನ ಎಂಬುದೂ ಎಐ ಮಾದರಿಗೆ ತಾನಾಗಿ ತಿಳಿಯದು! ಪ್ರತಿ ಸಲವೂ ಹೊರಗಿನಿಂದ ಹೇಳಿಕೊಡಬೇಕು.

ಈಗ ಎಲ್ಲರೂ ಓದದೆ ‘ಅಲೋ’ ಒತ್ತಿಬಿಡುವ ಪರದೆಯ ವಿಷಯ. ಗೂಗಲ್ ಕ್ಯಾಲೆಂಡರಿನಲ್ಲಿ ಅನುಮತಿಗಳು ಮೆಟ್ಟಿಲು ಮೆಟ್ಟಿಲಾಗಿವೆ: ಬಿಡುವಿದೆಯೇ ಇಲ್ಲವೇ ಎಂದಷ್ಟೇ ನೋಡುವುದು, ವಿವರ ಓದುವುದು, ಬರೆಯುವುದು-ಅಳಿಸುವುದು. ಸಮಯ ಹುಡುಕುವ ಕೆಲಸಕ್ಕೆ ಮೊದಲನೆಯದೇ ಸಾಕು, ಆದರೂ ಅನೇಕ ಆ್ಯಪುಗಳು ನೇರ ಮೂರನೆಯದಕ್ಕೇ ಕೈಚಾಚುತ್ತವೆ. ಒತ್ತುವವರು ನೀವೊಬ್ಬರೇ ಆದರೂ, ಸಹೋದ್ಯೋಗಿಗಳು ನಂಬಿ ನಿಮಗೆ ತೋರಿಸಿದ್ದೆಲ್ಲ ಆ ಆ್ಯಪಿಗೂ ಕಾಣುತ್ತದೆ. ಒಬ್ಬರ ಡಾಕ್ಟರ್ ಭೇಟಿ, ಇನ್ನೊಬ್ಬರು ‘ಪರ್ಸನಲ್’ ಎಂದು ಬರೆದು ಹೋಗುವ ಇಂಟರ್‌ವ್ಯೂ, ಮ್ಯಾನೇಜರ್ ಮತ್ತು ಎಚ್‌ಆರ್ ನಡುವಿನ ಗುಟ್ಟಿನ ಅರ್ಧ ಗಂಟೆ. ಅವರನ್ನು ಯಾವ ಪರದೆಯೂ ‘ಒಪ್ಪಿಗೆಯೇ?’ ಎಂದು ಕೇಳುವುದಿಲ್ಲ. ಟೀಮಿನಲ್ಲಿ ಮೊದಲು ಒಂದು ಮಾತು ಹೇಳಿ, ಆಮೇಲೆ ಜೋಡಿಸುವುದು ಮರ್ಯಾದೆ.

ಟೀಮಿನ ರಜೆ ಕ್ಯಾಲೆಂಡರಿನಲ್ಲಿ ‘ಸುಮಾ ರಜೆ’ ಎಂದು ಢಾಳಾಗಿ ಬರೆದಿದ್ದರೂ ಎಐ ಸುಮಾ ಅವರಿಗೇ ಮೀಟಿಂಗ್ ಇಡಬಹುದು. ಅದು ಬಿಡುವು ಹುಡುಕಿದ್ದು ಸುಮಾ ಅವರ ಸ್ವಂತ ಕ್ಯಾಲೆಂಡರಿನಲ್ಲಿ, ಅಲ್ಲಿ ದಿನವಿಡೀ ಖಾಲಿ. ಸ್ವಂತ ಕ್ಯಾಲೆಂಡರಿನಲ್ಲೇ ಬರೆದಿದ್ದರೂ, ನಮೂದಿಗೆ ‘ಫ್ರೀ’ ಎಂಬ ಗುರುತು ಇದ್ದರೆ ಲೆಕ್ಕಕ್ಕೆ ಬರುವುದಿಲ್ಲ.

‘ಮೀಟಿಂಗ್ ಹಾಕಿದ್ದೇನೆ’ ಎಂದು ಎಐ ಹೇಳಿತು, ಯಾರಿಗೂ ಮೇಲ್ ಬರಲಿಲ್ಲ. ಸುಳ್ಳು ಹೇಳಿತೇ? ಇಲ್ಲದಿರಬಹುದು. ಗೂಗಲ್ ಕ್ಯಾಲೆಂಡರಿಗೆ ಪ್ರೋಗ್ರಾಂ ಮೂಲಕ ನಮೂದು ಸೇರಿಸುವಾಗ ಅತಿಥಿಗಳಿಗೆ ತಿಳಿಸಬೇಕು ಎಂದು ಬೇರೆಯಾಗಿ ಹೇಳದಿದ್ದರೆ ಅದು ತಿಳಿಸುವುದಿಲ್ಲ. ಕನೆಕ್ಟರ್ ಬರೆದವರು ಆ ಒಂದು ಪದ ಬಿಟ್ಟರೆ ಮೀಟಿಂಗಿಗೆ ಕರೆದವರು ಒಬ್ಬರೇ ಕೂತಿರುತ್ತಾರೆ.

‘ಐಎಸ್‌ಟಿ’ ಎಂದರೆ ಭಾರತದ ಸಮಯ, ಐರ್ಲೆಂಡಿನ ಸಮಯ, ಇಸ್ರೇಲಿನ ಸಮಯ, ಮೂರೂ ಆಗುತ್ತದೆ. ಅದಕ್ಕೇ ಕ್ಯಾಲೆಂಡರ್ ತಂತ್ರಾಂಶಗಳು ‘ಏಷ್ಯಾ/ಕೋಲ್ಕತಾ’ ಎಂದು ಊರಿನ ಹೆಸರು ಹಿಡಿದು ಬರೆಯುತ್ತವೆ. ಬೆಂಗಳೂರಿನವರು ಕ್ಯಾಲಿಫೋರ್ನಿಯಾದ ಟೀಮಿನೊಂದಿಗೆ ಇಟ್ಟುಕೊಳ್ಳುವ ವಾರದ ಮೀಟಿಂಗನ್ನು ಭಾರತದ ರಾತ್ರಿ 8.30ಕ್ಕೆ ಕಟ್ಟಿದರೆ, ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 8, ಚಳಿಗಾಲದಲ್ಲಿ 7. ಅಲ್ಲಿನ ಗಡಿಯಾರಕ್ಕೆ ಕಟ್ಟಿದರೆ ಊಟ ಮುಂದೂಡಬೇಕಾದವರು ಇಲ್ಲಿನವರು. ಯಾರ ಗಡಿಯಾರಕ್ಕೆ ಎಂದು ಎಐ ಕೇಳದಿದ್ದರೆ ನೀವೇ ಹೇಳಿ.

ಆಹ್ವಾನದ ಜೊತೆ ಬರುವ ‘.ಐಸಿಎಸ್’ ಫೈಲಿನ ನಿಯಮ ಬರೆದದ್ದು 1998ರಲ್ಲಿ, ಪರಿಷ್ಕರಿಸಿದ್ದು 2009ರಲ್ಲಿ. ಒಂದು ಸಾಲು 75 ಬೈಟ್ ಮೀರಬಾರದು, ಮೀರಿದರೆ ಮುರಿದು ಮುಂದಿನ ಸಾಲಿಗೆ ಹಾಕಬೇಕು ಎನ್ನುತ್ತದೆ ಅದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು, ‘ಕ್ಷೇ’ ಒಂದಕ್ಕೇ 12! ಹಾಗಾಗಿ ಕನ್ನಡದ ಶೀರ್ಷಿಕೆ ಸುಮಾರು 22 ಸಂಕೇತ ದಾಟುತ್ತಲೇ ಮುರಿಯುತ್ತದೆ. ಒರಟು ತಂತ್ರಾಂಶ ಅಕ್ಷರದ ನಡುವೆಯೇ ಕತ್ತರಿಸಿದರೆ ‘ಕ್ಷೇತ್ರ ಭೇಟಿ’ಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ.

ಇದೇ ಫೈಲಿನ ಇನ್ನೊಂದು ಗಮ್ಮತ್ತು: ದಿನಪೂರ್ತಿ ಕಾರ್ಯಕ್ರಮದ ‘ಮುಕ್ತಾಯ’ ದಿನಾಂಕ ಲೆಕ್ಕಕ್ಕಿಲ್ಲ. 15ರಂದು ಮಾತ್ರ ನಡೆಯುವುದಕ್ಕೆ ಮುಕ್ತಾಯ 16 ಎಂದಿರುತ್ತದೆ. ಇದು ಗೊತ್ತಿಲ್ಲದ ಸಹಾಯಕ ನಿಮ್ಮ ಒಂದು ದಿನದ ಶಿಬಿರವನ್ನು ಎರಡು ದಿನವೆಂದು ಸಾರುತ್ತದೆ.

ಆಹ್ವಾನವೇ ಆಯುಧವಾದ ಕಥೆ ಕೇಳಿ. 2025ರ ಆಗಸ್ಟಿನಲ್ಲಿ ಇಸ್ರೇಲಿನ ಸಂಶೋಧಕರು ಗೂಗಲ್‌ನ ಎಐ ಸಹಾಯಕ ಜೆಮಿನೈ ಮೇಲೆ ನಡೆಸಿದ ಪ್ರಯೋಗವನ್ನು ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಬಿಚ್ಚಿಟ್ಟರು. ಅವರು ಏನನ್ನೂ ಹ್ಯಾಕ್ ಮಾಡಲಿಲ್ಲ. ಒಂದು ಕ್ಯಾಲೆಂಡರ್ ಆಹ್ವಾನ ಕಳಿಸಿದರು, ಅದರೊಳಗೆ ಎಐಗೆಂದೇ ಬರೆದ ಆಜ್ಞೆ ಇತ್ತು. ಪ್ರಯೋಗ ನಡೆದ ಮನೆಯವರು ‘ಈ ವಾರ ಏನೇನಿದೆ?’ ಎಂದು ಕೇಳಿದಾಗ ಜೆಮಿನೈ ಆ ಸಾಲುಗಳನ್ನೂ ಓದಿತು. ಆಮೇಲೆ ಅವರು ‘ಥ್ಯಾಂಕ್ಸ್’ ಎಂದದ್ದೇ ತಡ, ಮನೆಯ ದೀಪ ಆರಿತು, ಕಿಟಕಿಯ ಷಟರ್ ತೆರೆಯಿತು, ಬಾಯ್ಲರ್ ಹೊತ್ತಿಕೊಂಡಿತು. ಗೂಗಲ್‌ಗೆ ಮೊದಲೇ ತಿಳಿಸಿದ್ದರಿಂದ ಅದು ರಕ್ಷಣೆ ಬಿಗಿ ಮಾಡಿದೆ. ಆದರೆ ಓದಬೇಕಾದ ಪಠ್ಯ ಯಾವುದು, ಪಾಲಿಸಬೇಕಾದ ಆಜ್ಞೆ ಯಾವುದು ಎಂಬ ಗೊಂದಲ ಇಂಥ ಎಲ್ಲ ಮಾದರಿಗಳಿಗೂ ಇದೆ. ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್‌ನಲ್ಲಿ ‘ಪರಿಚಿತರು ಕಳಿಸಿದ ಆಹ್ವಾನ ಮಾತ್ರ ಸೇರಲಿ’ ಎಂಬ ಆಯ್ಕೆ ಇದೆ. ಎಐ ಜೋಡಿಸುವ ಮೊದಲು ಅದನ್ನು ಒತ್ತಿಬಿಡಿ.

ಬೇಡವಾದರೆ ಸಂಪರ್ಕ ಕಡಿಯಲು ನಿಮ್ಮ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಆ್ಯಪಿನ ಅನುಮತಿ ತೆಗೆದರಾಯಿತು. ಅದು ಈಗಾಗಲೇ ಓದಿಕೊಂಡದ್ದು ಮಾತ್ರ ವಾಪಸು ಬರುವುದಿಲ್ಲ. ಅದು ಹಾಕಿಟ್ಟ ಮೀಟಿಂಗುಗಳೂ ಹೋಗುವುದಿಲ್ಲ. ‘ಪ್ರತಿ ಮಂಗಳವಾರ’ ಎಂದು ಹಾಕಿ ಕೊನೆಯ ತಾರೀಖು ಬರೆಯದೇ ಬಿಟ್ಟಿದ್ದರೆ, 2009ರ ಆ ‘.ಐಸಿಎಸ್’ ನಿಯಮಾವಳಿಯ ಪ್ರಕಾರ ಆ ಮೀಟಿಂಗಿಗೆ ಕೊನೆಯೇ ಇಲ್ಲ.